ಅರ್ಧ ಪತ್ರಿಕೆ ಊರಿನದು, ಅರ್ಧ ಪತ್ರಿಕೆ ಬಾಟಲಿಯದು

ಪೇಟೆಂಟ್ ಔಷಧಿ ಅನ್ನುವ ಹೆಸರಲ್ಲೇ ಮೊದಲ ಸುಳ್ಳಿದೆ. 1900ರ ಆಸುಪಾಸು ಅಮೆರಿಕದಲ್ಲಿ ಆ ಹೆಸರಿನಿಂದ ಮಾರಾಟವಾಗುತ್ತಿದ್ದ ಬಾಟಲಿಗಳಲ್ಲಿ ಹೆಚ್ಚಿನವಕ್ಕೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕಾದರೆ ಒಳಗೆ ಏನೇನು ಹಾಕಿದ್ದೀರಿ ಅಂತ ಸರ್ಕಾರಕ್ಕೆ ಬರೆದುಕೊಡಬೇಕು. ಅದು ಎಲ್ಲರಿಗೂ ಗೊತ್ತಾಗುತ್ತದೆ, ಕೆಲವು ವರ್ಷ ಕಳೆದ ಮೇಲೆ ಯಾರು ಬೇಕಾದರೂ ಅದನ್ನೇ ಮಾಡಿ ಮಾರಬಹುದು. ಯಾರಿಗೆ ಬೇಕು ಆ ತಲೆನೋವು? ಅದರ ಬದಲು ಹೆಸರನ್ನೂ ಲೇಬಲ್ಲಿನ ಚಿತ್ರವನ್ನೂ ಟ್ರೇಡ್‌ಮಾರ್ಕ್ ಮಾಡಿಸಿಕೊಂಡು ಒಳಗಿನದನ್ನು ಗುಟ್ಟಾಗಿ ಇಟ್ಟುಕೊಂಡರು. ಪೇಟೆಂಟ್ ಅನ್ನುವ ಪದ ಹಳೇ ಇಂಗ್ಲೆಂಡಿನದು, ಅಲ್ಲಿ ರಾಜ ಕೆಲವರಿಗೆ ಮಾರುವ ಹಕ್ಕುಪತ್ರ ಕೊಡುತ್ತಿದ್ದ. ಹಕ್ಕುಪತ್ರ ಹೋಯಿತು, ಪದ ಉಳಿಯಿತು.

ಅಂದರೆ ಇವರು ಮಾರುತ್ತಿದ್ದದ್ದು ಔಷಧಿಗಿಂತ ಜಾಸ್ತಿ ಹೆಸರನ್ನು. ಹೆಸರು ಮಾರಬೇಕಾದರೆ ಅದು ಜನರ ಬಾಯಲ್ಲಿ ಇರಬೇಕು, ಅದಕ್ಕೆ ಪತ್ರಿಕೆ ಬೇಕು. ಅಮೆರಿಕದಲ್ಲಿ ಆಗ ಸಣ್ಣ ಸಣ್ಣ ಊರುಗಳಲ್ಲೂ, ಎಷ್ಟೋ ಸಲ ಸಾವಿರ ಜನ ಕೂಡ ಇಲ್ಲದ ಕಡೆಗಳಲ್ಲೂ, ಒಂದು ವಾರಪತ್ರಿಕೆ ಇರುತ್ತಿತ್ತು. ನಾಲ್ಕು ಪುಟವೋ ಎಂಟು ಪುಟವೋ. ಸಂಪಾದಕ, ಮಾಲೀಕ, ವರದಿಗಾರ, ಅಚ್ಚಿನ ಮೊಳೆ ಜೋಡಿಸುವವ ಎಲ್ಲ ಒಬ್ಬನೇ, ಜೊತೆಗೆ ಕೈಗೊಬ್ಬ ಹುಡುಗ.

ಈ ಪತ್ರಿಕೆಗಳಲ್ಲಿ ಲಕ್ಷಾಂತರ ಪುಟಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸ್ಕ್ಯಾನ್ ಮಾಡಿ ‘ಕ್ರಾನಿಕ್ಲಿಂಗ್ ಅಮೆರಿಕ’ ಅನ್ನುವ ಹೆಸರಿನಲ್ಲಿ ಬಿಟ್ಟಿಯಾಗಿ ಇಟ್ಟಿದೆ. ನಾನು ಅದರೊಳಗೆ ಹೊಕ್ಕರೆ ಒಂದು ಸಂಜೆ ಹೋದದ್ದೇ ಗೊತ್ತಾಗುವುದಿಲ್ಲ. ಶುರುವಿನಲ್ಲಿ ನನಗೆ ವಿಚಿತ್ರ ಅನ್ನಿಸಿದ ಸಂಗತಿ ಒಂದಿತ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ, ಸಾವಿರ ಮೈಲಿ ದೂರದ ಎರಡು ಊರುಗಳ ಪತ್ರಿಕೆಯ ಒಳಪುಟಗಳು ಒಂದೇ ತರ ಇರುತ್ತಿದ್ದವು. ಅದೇ ಧಾರಾವಾಹಿ, ಅದೇ ಅಡುಗೆ ಟಿಪ್ಪಣಿ, ಅದೇ ಕಿಡ್ನಿ ಔಷಧಿ. ನಕಲು ಹೊಡೆದರಾ ಅಂದುಕೊಂಡೆ. ನಕಲಲ್ಲ, ಕಾಗದವೇ ಹಾಗೆ ಬರುತ್ತಿತ್ತು.

ಇದರ ಕಥೆ 1861ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಬರಾಬೂ ಅನ್ನುವ ಊರಿನಲ್ಲಿ ಶುರುವಾಗುತ್ತದೆ. ಅಲ್ಲಿ ಆನ್ಸೆಲ್ ನ್ಯಾಶ್ ಕೆಲಾಗ್ ಅನ್ನುವವನು ವಾರಪತ್ರಿಕೆ ನಡೆಸುತ್ತಿದ್ದ (ಬೆಳಗಿನ ತಿಂಡಿಯ ಕೆಲಾಗ್ ಬೇರೆ). ಅಂತರ್ಯುದ್ಧ ಶುರುವಾಗಿ ಅವನ ಕೈಕೆಳಗಿನವನು ಸೈನ್ಯಕ್ಕೆ ಹೋದ. ಒಬ್ಬನೇ ಇಡೀ ಪತ್ರಿಕೆಗೆ ಮೊಳೆ ಜೋಡಿಸಲು ಆಗುವುದಿಲ್ಲವಲ್ಲ, ಅದಕ್ಕೆ ರಾಜಧಾನಿ ಮ್ಯಾಡಿಸನ್ನಿನ ದಿನಪತ್ರಿಕೆಯವರ ಹತ್ತಿರ ಯುದ್ಧದ ಸುದ್ದಿಯನ್ನು ಕಾಗದದ ಒಂದು ಬದಿಗೆ ಅಚ್ಚು ಹಾಕಿಸಿ ತರಿಸಿಕೊಂಡ. ಖಾಲಿ ಇದ್ದ ಇನ್ನೊಂದು ಬದಿಗೆ ತನ್ನ ಊರಿನ ಸುದ್ದಿ ಹಾಕಿದ. ಕಾಗದ ಮಡಚಿದರೆ ಪತ್ರಿಕೆ ರೆಡಿ. ನಾಲ್ಕು ವರ್ಷ ಆದ ಮೇಲೆ ಅವನು ಷಿಕಾಗೋಗೆ ಹೋಗಿ ಇದನ್ನೇ ಕಸುಬು ಮಾಡಿಕೊಂಡ. ಆಮೇಲೆ ವೆಸ್ಟರ್ನ್ ನ್ಯೂಸ್‌ಪೇಪರ್ ಯೂನಿಯನ್ ಅನ್ನುವ ಕಂಪನಿ ಒಬ್ಬೊಬ್ಬರನ್ನೇ ಕೊಂಡು ಕೊಂಡು, 1906ರಲ್ಲಿ ಕೆಲಾಗ್ ಕಂಪನಿಯನ್ನೂ ನುಂಗಿತು.

ಇದರಲ್ಲಿ ಮಜಾ ಇರುವುದು ಲೆಕ್ಕದಲ್ಲಿ. ಹೀಗೆ ಅರ್ಧ ಅಚ್ಚಾಗಿ ಬರುವ ಕಾಗದಕ್ಕೆ ಖಾಲಿ ಕಾಗದಕ್ಕಿಂತ ಸ್ವಲ್ಪವೇ ಜಾಸ್ತಿ ದುಡ್ಡು. ಯಾಕೆಂದರೆ ಆ ಪುಟಗಳಲ್ಲಿ ಕಂಪನಿ ಮೊದಲೇ ಜಾಹೀರಾತು ತುಂಬಿರುತ್ತಿತ್ತು. ಅದರ ಹಣ ಕಂಪನಿಗೆ, ಊರಿನ ಸಂಪಾದಕನಿಗಲ್ಲ. ಅವನಿಗೆ ಸಿಗುವುದು ಅಗ್ಗದ ಕಾಗದ ಮತ್ತು ಉಳಿದ ದುಡಿಮೆ. ಆ ಜಾಹೀರಾತುಗಳಲ್ಲಿ ದೊಡ್ಡ ಪಾಲು ಔಷಧಿಯದು. ಹಾಗಾಗಿ ಈ ಪುಟಗಳಿಗೆ ‘ಪೇಟೆಂಟ್ ಇನ್‌ಸೈಡ್ಸ್’ ಅಂತಲೇ ಅಡ್ಡಹೆಸರು ಬಿತ್ತು. ಒಂದೊಂದು ಕಾಲಂ ಮಾತ್ರ ಸಾಕು ಅನ್ನುವವರಿಗೆ ಸೀಸದಲ್ಲಿ ಎರಕ ಹೊಯ್ದ ಫಲಕಗಳನ್ನು ರೈಲಿನಲ್ಲಿ ಕಳಿಸುತ್ತಿದ್ದರು. ಗರಗಸದಲ್ಲಿ ಬೇಕಾದಷ್ಟು ಕತ್ತರಿಸಿ ಪುಟಕ್ಕೆ ಕೂರಿಸಿದರೆ ಆಯಿತು. ಅದಕ್ಕೆ ಬಾಯ್ಲರ್‌ಪ್ಲೇಟ್ ಅನ್ನುತ್ತಿದ್ದರು. ಬೆಂಗಳೂರಿನ ಸಾಫ್ಟ್‌ವೇರ್‌ನವರು ಇವತ್ತು ಎಲ್ಲ ಕಡೆ ಹಾಗೇ ತಂದು ಅಂಟಿಸುವ ಕೋಡಿಗೆ ಬಾಯ್ಲರ್‌ಪ್ಲೇಟ್ ಅನ್ನುತ್ತಾರಲ್ಲ, ಆ ಪದ ಈ ಅಚ್ಚುಕೂಟಗಳನ್ನು ಹಾದು ಬಂದದ್ದು.

ಈಗ ಹೊರಪುಟಕ್ಕೆ ಬನ್ನಿ, ಅಂದರೆ ನಿಜವಾಗಿ ಊರಿನದಾದ ಪುಟಕ್ಕೆ. ಅಲ್ಲಿನ ಜಾಹೀರಾತಿನ ದನಿಯೇ ಬೇರೆ. ಜವಳಿ ಅಂಗಡಿಯವನು ಹೊಸ ಮಾಲು ಬಂದಿದೆ ಅನ್ನುತ್ತಾನೆ. ದಿನಸಿಯವನು ಬೆಣ್ಣೆ, ಮೊಟ್ಟೆ ತಂದುಕೊಟ್ಟರೆ ಅದಕ್ಕೆ ಬದಲು ಸಾಮಾನು ಕೊಡುತ್ತೇನೆ ಅನ್ನುತ್ತಾನೆ. ವಕೀಲರು, ಡಾಕ್ಟರುಗಳು ಒಂದಿಂಚಿನ ಜಾಗದಲ್ಲಿ ಹೆಸರು ಮತ್ತು ಕಚೇರಿ ಎಲ್ಲಿದೆ ಅಂತ ಹಾಕುತ್ತಾರೆ. ಊರಿಗೆ ಬಂದುಹೋಗುವ ಹಲ್ಲಿನ ಡಾಕ್ಟರು ಇಂಥ ದಿನ ಇಂಥ ಹೋಟೆಲಿನಲ್ಲಿ ಇರುತ್ತೇನೆ ಅನ್ನುತ್ತಾನೆ. ಬಾಡಿಗೆ ಕುದುರೆ ಗಾಡಿ, ಕಮ್ಮಾರ, ಬ್ಯಾಂಕು. ಮೇಜು ಕುರ್ಚಿ ಮಾರುವವನೇ ಶವಪೆಟ್ಟಿಗೆಯನ್ನೂ ಮಾರುತ್ತಾನೆ, ಅಂತ್ಯಕ್ರಿಯೆಯನ್ನೂ ಅವನೇ ನಡೆಸಿಕೊಡುತ್ತಾನೆ. ಎರಡೂ ಬಡಗಿ ಕೆಲಸ ಅಲ್ವಾ. ಇದನ್ನೆಲ್ಲ ಒಂದೇ ಜಾಹೀರಾತಿನಲ್ಲಿ ಹೇಳಿರುತ್ತಾನೆ.

ಇವು ಬಹಳ ಸಪ್ಪೆ. ಒಮ್ಮೆ ಮೊಳೆ ಜೋಡಿಸಿಟ್ಟರೆ ತಿಂಗಳುಗಟ್ಟಲೆ ಹಾಗೇ, ಕ್ರಿಸ್‌ಮಸ್ ಜಾಹೀರಾತು ಫೆಬ್ರವರಿಯಲ್ಲೂ ಇರುತ್ತಿತ್ತು. ದುಡ್ಡು ಕೂಡ ಎಷ್ಟೋ ಸಲ ದುಡ್ಡಿನ ರೂಪದಲ್ಲಿ ಬರುತ್ತಿರಲಿಲ್ಲ. ಅಂಗಡಿಯವನು ಸಾಮಾನು ಕೊಡುತ್ತಿದ್ದ, ರೈತ ಚಂದಾಕ್ಕೆ ಬದಲು ಸೌದೆಯನ್ನೋ ಆಲೂಗಡ್ಡೆಯನ್ನೋ ಹಾಕಿ ಹೋಗುತ್ತಿದ್ದ. ಪಶ್ಚಿಮದ ಹೊಸ ಊರುಗಳಲ್ಲಿ ಸರ್ಕಾರಿ ಜಮೀನು ಹಿಡಿದವರು ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಮೊದಲು ಹತ್ತಿರದ ಪತ್ರಿಕೆಯಲ್ಲಿ ಹಲವು ವಾರ ಪ್ರಕಟಣೆ ಹಾಕಿಸಬೇಕು ಅಂತ ಕಾನೂನಿತ್ತು. ಎಷ್ಟೋ ಪತ್ರಿಕೆಗಳು ಆ ಪ್ರಕಟಣೆಯ ಕಾಸಿನಿಂದಲೇ ಹುಟ್ಟಿ, ಅದು ಮುಗಿದ ಮೇಲೆ ಮುಚ್ಚಿದವು.

ಊರಿನ ಜಾಹೀರಾತು ಸಪ್ಪೆ ಇರುವುದಕ್ಕೆ ಒಂದು ಸರಳ ಕಾರಣ ಇದೆ ಅಂತ ನನ್ನ ಅನಿಸಿಕೆ. ಅಂಗಡಿಯವನು ಸುಳ್ಳು ಹೇಳಿದರೆ ಭಾನುವಾರ ಚರ್ಚಿನಲ್ಲಿ ಮುಖ ತೋರಿಸಬೇಕು. ಜಗತ್ತಿನಲ್ಲೇ ಶ್ರೇಷ್ಠ ಬೂಟು ಅಂತ ಅವನು ಬರೆದರೆ, ಹೋದ ಮಳೆಗಾಲದಲ್ಲಿ ಆ ಬೂಟಿನ ಅಟ್ಟೆ ಕಿತ್ತುಹೋದವನು ಎದುರು ಮನೆಯಲ್ಲೇ ಇರುತ್ತಾನೆ. ಔಷಧಿ ಕಂಪನಿಗೆ ಆ ಭಯ ಇಲ್ಲ, ಅದು ಇರುವುದು ಬಫಲೋದಲ್ಲೋ ಟೊಲೀಡೋದಲ್ಲೋ. ಆದರೆ ದೂರ ಇರುವುದರಿಂದ ಇನ್ನೊಂದು ತೊಂದರೆ: ಅದನ್ನು ಯಾರು ನಂಬುತ್ತಾರೆ? ನಂಬಿಕೆ ಇರುವುದು ಊರಿನ ಜನರ ನಡುವೆ. ಹಾಗಾಗಿ ಊರಿನ ಮುಖವನ್ನು ಬಾಡಿಗೆಗೆ ತೆಗೆದುಕೊಳ್ಳಬೇಕು. ಔಷಧಿ ಜಾಹೀರಾತಿನ ಎಲ್ಲ ಉಪಾಯಗಳೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಮೊದಲನೆಯದು ಊರಿನ ಔಷಧಿ ಅಂಗಡಿಯವನ ಹೆಸರು. ಕಂಪನಿ ಕಳಿಸಿದ ಜಾಹೀರಾತಿನ ಕೊನೆಯಲ್ಲಿ ಒಂದು ಸಾಲು ಖಾಲಿ ಇರುತ್ತಿತ್ತು, ಅಲ್ಲಿ ಅವನ ಹೆಸರು ಕೂರಿಸುತ್ತಿದ್ದರು.

ಎರಡನೆಯದು ಸಾಕ್ಷಿ. ಬಫಲೋ ನಗರದ ಫಾಸ್ಟರ್-ಮಿಲ್‌ಬರ್ನ್ ಕಂಪನಿ ಡೋನ್ಸ್ ಕಿಡ್ನಿ ಪಿಲ್ಸ್ ಅನ್ನುವ ಮಾತ್ರೆ ಮಾರುತ್ತಿತ್ತು. ಇವರು ಇದರಲ್ಲಿ ಪಳಗಿದವರು. ದೂರದ ಊರಿನವರ ಹೊಗಳಿಕೆ ಯಾಕೆ, ನಿಮ್ಮ ಬೀದಿಯವರ ಮಾತೇ ಕೇಳಿ ಅನ್ನುವ ಧಾಟಿ ಅವರದು. ಆಯಾ ಊರಿನ ನಿವಾಸಿಯ ಹೆಸರು, ಬೀದಿಯ ಹೆಸರು ಸಮೇತ ಬೆನ್ನುನೋವು ಹೋದ ಕಥೆ ಆ ಊರಿನ ಪತ್ರಿಕೆಯಲ್ಲೇ ಬರುತ್ತಿತ್ತು. ಓದಿದವರಿಗೆ ಆ ಮನುಷ್ಯ ಗೊತ್ತು. ಗೊತ್ತಿದ್ದವನು ಯಾಕೆ ಸುಳ್ಳು ಹೇಳುತ್ತಾನೆ? ಎಷ್ಟೋ ಜನ ಸುಳ್ಳು ಹೇಳುತ್ತಲೂ ಇರಲಿಲ್ಲ, ಬೆನ್ನುನೋವು ತಾನಾಗಿಯೇ ಹೋಗಿರುತ್ತಿತ್ತು, ಕ್ರೆಡಿಟ್ಟು ಮಾತ್ರೆಗೆ. ಆದರೆ ಕ್ಷಯದಂಥ ರೋಗದಲ್ಲಿ ಹಾಗಲ್ಲ. ಅಮೆರಿಕದ ವೈದ್ಯರ ಸಂಘದಲ್ಲಿ ಆರ್ಥರ್ ಕ್ರ್ಯಾಂಪ್ ಅನ್ನುವ ಡಾಕ್ಟರು ವರ್ಷಗಟ್ಟಲೆ ಕೂತು ಇಂಥ ಸಾಕ್ಷಿಪತ್ರಗಳನ್ನೂ, ಅದೇ ಜನರ ಮರಣದ ದಾಖಲೆಗಳನ್ನೂ ಜೋಡಿಸಿ ತೋರಿಸಿದರು. ಗುಣವಾಯಿತು ಅಂತ ಬರೆದುಕೊಟ್ಟವರು ಅದೇ ರೋಗದಿಂದ ಹೋಗಿದ್ದರು, ಅವರ ಹೊಗಳಿಕೆ ಮಾತ್ರ ಪತ್ರಿಕೆಯಲ್ಲಿ ಬರುತ್ತಲೇ ಇತ್ತು.

ಮೂರನೆಯದು ಸುದ್ದಿಯ ವೇಷ. ಪುಟದಲ್ಲಿ ಇಂಥವರ ಮಗಳ ಮದುವೆ, ಇಂಥವರ ಹಸು ಕಳೆದಿದೆ ಅಂತೆಲ್ಲ ಎರಡೆರಡು ಸಾಲಿನ ಊರ ಸುದ್ದಿ ಬರುತ್ತಿತ್ತಲ್ಲ, ಅದರ ನಡುವೆ ಅದೇ ಅಕ್ಷರದಲ್ಲಿ ಅದೇ ಅಳತೆಯಲ್ಲಿ ಒಂದು ಸುದ್ದಿ. ಒಬ್ಬ ರೈತನ ಮಗುವಿಗೆ ಮಧ್ಯರಾತ್ರಿ ಹೊಟ್ಟೆನೋವು ಬಂತು, ಡಾಕ್ಟರು ದೂರ, ಮನೆಯವರು ಆಸೆ ಬಿಟ್ಟರು, ಆಗ ಕಪಾಟಿನಲ್ಲಿದ್ದ ಬಾಟಲಿ ನೆನಪಾಯಿತು. ಕೊನೆಯ ಸಾಲಿನವರೆಗೂ ಇದು ಜಾಹೀರಾತು ಅಂತ ಗೊತ್ತಾಗುವುದಿಲ್ಲ. ಇದಕ್ಕೆ ದರವೂ ಜಾಸ್ತಿ. ಕಾಂಗ್ರೆಸ್ಸು, ಅಂದರೆ ಅಮೆರಿಕದ ಸಂಸತ್ತು, 1912ರಲ್ಲಿ ಇದಕ್ಕೆ ಕಡಿವಾಣ ಹಾಕಿತು: ಅಂಚೆಯ ಅಗ್ಗದ ದರ ಬೇಕಾದರೆ ದುಡ್ಡು ತೆಗೆದುಕೊಂಡು ಹಾಕಿದ್ದಕ್ಕೆ ‘ಜಾಹೀರಾತು’ ಅಂತ ಗುರುತು ಹಾಕಲೇಬೇಕು. ಪತ್ರಿಕೆಯವರು ಕೋರ್ಟಿಗೆ ಹೋದರು, ಮರುವರ್ಷ ಸುಪ್ರೀಂ ಕೋರ್ಟು ಕಾನೂನಿನ ಪರ ನಿಂತಿತು. ಇವತ್ತು ಸುದ್ದಿಯ ಹಾಗೆ ಕಾಣುವ ಪುಟದ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಏನೋ ಬರೆದಿರುತ್ತಾರಲ್ಲ, ಅದರ ಅಜ್ಜ ಇದು.

ನಾಲ್ಕನೆಯದು ನನಗೆ ತುಂಬ ಇಷ್ಟವಾದದ್ದು, ಬೇಸರ ತರಿಸುವುದೂ ಅದೇ. ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಅನ್ನುವ ಊರಿನಲ್ಲಿ ಲಿಡಿಯಾ ಪಿಂಕಮ್ ಅನ್ನುವ ಗೃಹಿಣಿ 1875ರಲ್ಲಿ ಗಂಡನ ವ್ಯವಹಾರ ಮುಳುಗಿದ ಮೇಲೆ, ತಾನು ಒಲೆಯ ಮೇಲೆ ಕುದಿಸಿ ನೆರೆಹೊರೆಯವರಿಗೆ ಕೊಡುತ್ತಿದ್ದ ಗಿಡಮೂಲಿಕೆಯ ಕಷಾಯವನ್ನು ಮಾರಲು ಶುರು ಮಾಡಿದಳು. ಹೆಂಗಸರ ಮುಟ್ಟಿನ ತೊಂದರೆ, ಸುಸ್ತು, ಇಂಥದ್ದಕ್ಕೆಲ್ಲ. ಲೇಬಲ್ಲಿನ ಮೇಲೆ ಅವಳದೇ ಮುಖ, ಶಾಂತವಾದ ಅಜ್ಜಿಯ ಮುಖ. ಆ ಚಿತ್ರ ಎಷ್ಟು ಅಚ್ಚುಕೂಟಗಳಲ್ಲಿ ಇತ್ತೆಂದರೆ, ಯಾವುದಾದರೂ ಗಣ್ಯ ಮಹಿಳೆಯ ಚಿತ್ರ ತಕ್ಷಣಕ್ಕೆ ಸಿಗದಿದ್ದರೆ ಸಂಪಾದಕರು ಸುಮ್ನೆ ಲಿಡಿಯಾಳ ಅಚ್ಚನ್ನೇ ಹಾಕಿಬಿಡುತ್ತಿದ್ದರು ಅಂತ ಒಂದು ಹಳೇ ಕಥೆಯಿದೆ. ಜಾಹೀರಾತು ಹೇಳುತ್ತಿದ್ದದ್ದು ಇಷ್ಟು: ನಿಮ್ಮ ಕಷ್ಟ ಶ್ರೀಮತಿ ಪಿಂಕಮ್‌ಗೆ ಬರೆಯಿರಿ, ಗಂಡಸರ ಕಣ್ಣಿಗೆ ನಿಮ್ಮ ಪತ್ರ ಬೀಳುವುದಿಲ್ಲ. ಗಂಡಸು ಡಾಕ್ಟರ ಮುಂದೆ ಬಾಯಿ ಬಿಡಲಾರದ ಹೆಂಗಸರು ರಾಶಿ ರಾಶಿ ಪತ್ರ ಬರೆದರು, ಉತ್ತರವೂ ಬರುತ್ತಿತ್ತು. ಲಿಡಿಯಾ ತೀರಿಹೋದದ್ದು 1883ರಲ್ಲಿ. ಬರೆಯಿರಿ ಅನ್ನುವ ಜಾಹೀರಾತು ಮಾತ್ರ ಅದಾಗಿ ಇಪ್ಪತ್ತು ವರ್ಷ ಕಳೆದರೂ ನಿಂತಿರಲಿಲ್ಲ. ಲೇಡೀಸ್ ಹೋಮ್ ಜರ್ನಲ್ ಪತ್ರಿಕೆ 1905ರಲ್ಲಿ ಅವಳ ಸಮಾಧಿ ಕಲ್ಲಿನ ಫೋಟೋ ಅಚ್ಚು ಹಾಕಿತು. ಉತ್ತರ ಬರೆಯುವ ಶ್ರೀಮತಿ ಪಿಂಕಮ್ ಅವಳ ಸೊಸೆ, ನಾವೆಲ್ಲಿ ಸುಳ್ಳು ಹೇಳಿದೆವು, ಅನ್ನುವ ತರಹದ ಸಮಜಾಯಿಷಿ ಕಂಪನಿಯಿಂದ ಬಂತು.

ಆ ಕಷಾಯದಲ್ಲಿ ಸುಮಾರು 18 ಪರ್ಸೆಂಟ್ ಆಲ್ಕೊಹಾಲ್ ಇತ್ತು. ಬಿಯರ್ ಬಿಡಿ, ಸಾಮಾನ್ಯ ವೈನಿಗಿಂತಲೂ ಜಾಸ್ತಿ. ಒಹಾಯೋದ ಕೊಲಂಬಸ್ ನಗರದ ಡಾಕ್ಟರ್ ಹಾರ್ಟ್‌ಮನ್ ಮಾರುತ್ತಿದ್ದ ಪೆರೂನಾ ಇನ್ನೂ ಮುಂದೆ, 28 ಪರ್ಸೆಂಟ್. ಅವನ ಸಿದ್ಧಾಂತ ಬಹಳ ಅನುಕೂಲದ್ದು. ಮೂಗಿನಲ್ಲಿ ಕಫ ಕಟ್ಟುವುದಕ್ಕೆ ಕೆಟಾರ್ ಅನ್ನುತ್ತಾರೆ. ಅವನ ಪ್ರಕಾರ ಅಜೀರ್ಣ ಅಂದರೆ ಹೊಟ್ಟೆಯ ಕೆಟಾರ್, ಕೆಮ್ಮು ಅಂದರೆ ಶ್ವಾಸಕೋಶದ ಕೆಟಾರ್, ಹೀಗೆ ಇಡೀ ದೇಹವೇ ಕೆಟಾರ್, ಔಷಧಿ ಒಂದೇ. ಬಾಟಲಿಗೆ ಒಂದು ಡಾಲರ್. ಅದನ್ನು ತಯಾರಿಸಲು ಬಾಟಲಿಯ ಖರ್ಚೂ ಸೇರಿ 15ರಿಂದ 18 ಸೆಂಟ್ ಸಾಕು ಅಂತ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆ್ಯಡಮ್ಸ್ ಅನ್ನುವ ಪತ್ರಕರ್ತ ಲೆಕ್ಕ ಹಾಕಿದ. ಕ್ಯಾನ್ಸಸ್‌ನಂಥ ರಾಜ್ಯಗಳಲ್ಲಿ ಪಾನನಿಷೇಧ ಇತ್ತು, ಅಲ್ಲಿ ಹೆಂಡ ಮುಟ್ಟದ ಮರ್ಯಾದಸ್ಥರು ದಿನಕ್ಕೆ ಮೂರು ಹೊತ್ತು ‘ಟಾನಿಕ್’ ತೆಗೆದುಕೊಳ್ಳುತ್ತಿದ್ದರು. ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಪೆರೂನಾ ಮಾರಬಾರದು ಅಂತ ಸರ್ಕಾರ 1905ರಲ್ಲಿ ಆದೇಶ ಹೊರಡಿಸಿತು. ತೆರಿಗೆ ಇಲಾಖೆಯವರೂ ಒಳಗೆ ನಿಜವಾದ ಔಷಧಿ ಹಾಕಿ, ಇಲ್ಲವೇ ಮಾರುವವರು ಹೆಂಡದ ಲೈಸೆನ್ಸ್ ತೆಗೆದುಕೊಳ್ಳಲಿ ಅಂದರು. ಹಾರ್ಟ್‌ಮನ್ ಬೇಧಿಯಾಗುವ ಸೊಪ್ಪು ಸೇರಿಸಿದ. ಟಾನಿಕ್ ಅಭ್ಯಾಸವಾಗಿದ್ದವರ ಗತಿ ನೀವೇ ಊಹಿಸಿಕೊಳ್ಳಿ.

ಇದು ನಗುವ ವಿಷಯ. ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್ ಹಾಗಲ್ಲ. ಹಲ್ಲು ಬರುವಾಗ ಅಳುವ ಹಸುಳೆಗಳಿಗೆ ಕುಡಿಸುವ ಸಿರಪ್ಪು ಅದು, ಒಳಗೆ ಇದ್ದದ್ದು ಮಾರ್ಫಿನ್, ಅಂದರೆ ಅಫೀಮಿನ ಸತ್ವ. ಮಗು ಸುಮ್ಮನಾಗುತ್ತಿತ್ತು. ಕೆಲವು ಮಕ್ಕಳು ಏಳಲೇ ಇಲ್ಲ.

ಇಷ್ಟೆಲ್ಲ ನಡೆಯುವಾಗ ಪತ್ರಿಕೆಗಳು ಏನು ಮಾಡುತ್ತಿದ್ದವು? ಇದಕ್ಕೆ ಉತ್ತರ ಒಂದು ಕರಾರುಪತ್ರದಲ್ಲಿದೆ. ಟೊಲೀಡೋ ನಗರದಲ್ಲಿ ಹಾಲ್ಸ್ ಕೆಟಾರ್ ಕ್ಯೂರ್ ಮಾರುತ್ತಿದ್ದ ಫ್ರ್ಯಾಂಕ್ ಚೀನಿ ಅನ್ನುವವನು ಔಷಧಿ ಕಂಪನಿಗಳ ಸಂಘದ ಅಧ್ಯಕ್ಷನೂ ಆಗಿದ್ದ. ಅವನು ಪತ್ರಿಕೆಗಳ ಜೊತೆ ಮಾಡಿಕೊಳ್ಳುವ ಜಾಹೀರಾತು ಕರಾರಿನಲ್ಲಿ ಒಂದು ಷರತ್ತು ಸೇರಿಸಿದ. ನಿಮ್ಮ ರಾಜ್ಯದಲ್ಲಿ ಇಂಥ ಔಷಧಿಯ ತಯಾರಿಕೆಯನ್ನೋ ಮಾರಾಟವನ್ನೋ ತಡೆಯುವ ಕಾನೂನು ಬಂದರೆ ಈ ಕರಾರು ಅಲ್ಲಿಗೇ ರದ್ದು. ಅಷ್ಟೇ. ಅದನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕುತ್ತಿದ್ದದ್ದರಿಂದ ಕೆಂಪು ಷರತ್ತು ಅನ್ನುವ ಹೆಸರು ಬಂತು. ಬೇರೆ ಕಂಪನಿಗಳೂ ಇದನ್ನೇ ಹಿಡಿದವು. ಎರಡು ವರ್ಷದಲ್ಲಿ 15ರಿಂದ 16 ಸಾವಿರ ಪತ್ರಿಕೆಗಳ ಜೊತೆ ಹೀಗೆ ಕರಾರು ಮಾಡಿಕೊಂಡಿದ್ದೇನೆ ಅಂತ ಚೀನಿ ತನ್ನ ಸಂಘದ ಸಭೆಯಲ್ಲಿ ಹೆಮ್ಮೆಯಿಂದಲೇ ಹೇಳಿಕೊಂಡ.

ಇದರಲ್ಲಿನ ಚಾಲಾಕಿತನ ನೋಡಿ. ಯಾವ ಸಂಪಾದಕನಿಗೂ ಯಾರೂ ಲಂಚ ಕೊಡಲಿಲ್ಲ. ಇದನ್ನು ಬರೆ, ಇದನ್ನು ಬರೆಯಬೇಡ ಅನ್ನಲೂ ಇಲ್ಲ. ಆದರೆ ಸೌದೆ ಆಲೂಗಡ್ಡೆಯಲ್ಲಿ ಚಂದಾ ಬರುವ ಪತ್ರಿಕೆಗೆ, ವರ್ಷಪೂರ್ತಿ ನಗದು ಕೊಡುವ ಗಿರಾಕಿ ಅಂದರೆ ಆ ಔಷಧಿ ಕಂಪನಿಯೇ. ಶಾಸನಸಭೆಯಲ್ಲಿ ಒಂದು ಮಸೂದೆ ಬಂದರೆ ಆ ನಗದು ನಿಲ್ಲುತ್ತದೆ. ಈಗ ಮಸೂದೆ ತಡೆಯುವ ಕೆಲಸ ಕಂಪನಿಯದಲ್ಲ, ಸಂಪಾದಕನದು. ಊರಿನ ಶಾಸಕನಿಗೆ ಅವನ ಪತ್ರಿಕೆ ಬೇಕೇ ಬೇಕು, ಹಾಗಾಗಿ ಅವನ ಮಾತು ನಡೆಯುತ್ತದೆ. ಮ್ಯಾಸಚೂಸೆಟ್ಸ್ ಶಾಸನಸಭೆಯಲ್ಲಿ ಬಾಟಲಿಯ ಮೇಲೆ ಒಳಗಿನದನ್ನು ಬರೆಯಬೇಕು ಅನ್ನುವ ಮಸೂದೆಯ ಮೇಲೆ ಬಿಸಿ ಬಿಸಿ ಚರ್ಚೆ ನಡೆದರೂ, ಸ್ಪ್ರಿಂಗ್‌ಫೀಲ್ಡ್ ರಿಪಬ್ಲಿಕನ್ ಒಂದನ್ನು ಬಿಟ್ಟು ಆ ರಾಜ್ಯದ ಪತ್ರಿಕೆಗಳು ಬಾಯಿ ಬಿಡಲಿಲ್ಲ. ಇದನ್ನೆಲ್ಲ ಕರಾರಿನ ಚಿತ್ರ ಸಮೇತ ಮಾರ್ಕ್ ಸಲಿವನ್ ಅನ್ನುವವನು 1905ರ ನವೆಂಬರಿನಲ್ಲಿ ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಬಯಲಿಗೆ ಹಾಕಿದ. ಅದಕ್ಕೆ ಒಂದು ತಿಂಗಳು ಮೊದಲು ಅದೇ ಪತ್ರಿಕೆಯಲ್ಲಿ ಆ್ಯಡಮ್ಸನ ಲೇಖನಮಾಲೆ ಶುರುವಾಗಿತ್ತು. ಅಮೆರಿಕದ ಜನ ಈ ಬಾಟಲಿಗಳಿಗೆ ವರ್ಷಕ್ಕೆ ಸುಮಾರು 7.5 ಕೋಟಿ ಡಾಲರ್ ಸುರಿಯುತ್ತಿದ್ದಾರೆ ಅಂತ ಅವನು ಮೊದಲ ಸಾಲಿನಲ್ಲೇ ಹೇಳಿದ್ದ.

ಗಲಾಟೆ ಎದ್ದಿತು. ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ ಎಷ್ಟೋ ವರ್ಷದಿಂದ ಕೇಳುತ್ತಿದ್ದ ಕಾನೂನಿಗೆ 1906ರ ಜೂನ್ 30ರಂದು ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟ್ ಸಹಿ ಹಾಕಿದರು. ಆಲ್ಕೊಹಾಲ್, ಮಾರ್ಫಿನ್, ಅಫೀಮು, ಕೊಕೇನ್, ಹೆರಾಯಿನ್ ಇಂಥವು ಇದ್ದರೆ ಲೇಬಲ್ಲಿನ ಮೇಲೆ ಬರೆಯಬೇಕು. ಸಿರಪ್ಪಿನ ಮೇಲೆ ಮಾರ್ಫಿನ್ ಅಂತ ಓದಿದ ತಾಯಂದಿರು ಬೆಚ್ಚಿದರು, ಅಷ್ಟರ ಮಟ್ಟಿಗೆ ಕಾನೂನು ಕೆಲಸ ಮಾಡಿತು.

ಆದರೆ ಗಮನಿಸಿ, ಲೇಬಲ್ ಮಾತ್ರ. ಪತ್ರಿಕೆಯ ಜಾಹೀರಾತಿನ ಬಗ್ಗೆ ಆ ಕಾನೂನಿನಲ್ಲಿ ಒಂದು ಮಾತೂ ಇರಲಿಲ್ಲ. ಬಾಟಲಿಯ ಮೇಲೆ ಹೇಳಲಾಗದ್ದನ್ನು ಪತ್ರಿಕೆಯಲ್ಲಿ ಹೇಳಬಹುದಿತ್ತು. ಕ್ಯೂರ್ ಅನ್ನುವ ಪದ ಲೇಬಲ್ಲಿನಿಂದ ಮೆಲ್ಲಗೆ ಜಾರಿಕೊಂಡಿತು, ಹಾಲ್ಸ್ ಕೆಟಾರ್ ಕ್ಯೂರ್ ಮುಂದೆ ಹಾಲ್ಸ್ ಕೆಟಾರ್ ಮೆಡಿಸಿನ್ ಆಯಿತು. ಇನ್ನೂ ಬುದ್ಧಿವಂತರು ‘1906ರ ಕಾನೂನಿನ ಪ್ರಕಾರ ಗ್ಯಾರಂಟಿ’ ಅಂತ ಸೀರಿಯಲ್ ನಂಬರ್ ಸಮೇತ ಹಾಕಿಕೊಂಡರು. ಅದರ ಅರ್ಥ, ತಯಾರಕನೇ ತಾನು ಕಾನೂನು ಪಾಲಿಸುತ್ತಿದ್ದೇನೆ ಅಂತ ಬರೆದುಕೊಟ್ಟಿದ್ದಾನೆ ಅಂತ ಮಾತ್ರ. ಓದಿದವರಿಗೆ ಸರ್ಕಾರವೇ ಪರೀಕ್ಷೆ ಮಾಡಿ ಮುದ್ರೆ ಒತ್ತಿದ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಕ್ಯಾನ್ಸರಿಗೆ ಔಷಧಿ ಅಂತ ಮಾರುತ್ತಿದ್ದ ಕ್ಯಾನ್ಸಸ್ ಸಿಟಿಯ ಜಾನ್ಸನ್ ಅನ್ನುವವನ ಕೇಸು 1911ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಒಳಗೆ ಏನಿದೆ ಅನ್ನುವುದರಲ್ಲಿ ಸುಳ್ಳು ಹೇಳಿದರೆ ತಪ್ಪು, ಏನು ವಾಸಿ ಮಾಡುತ್ತದೆ ಅನ್ನುವುದರಲ್ಲಿ ಹೇಳಿದರೆ ಈ ಕಾನೂನಿಗೆ ಸಂಬಂಧವಿಲ್ಲ ಅಂತ ಕೋರ್ಟು ಹೇಳಿತು! ಮರುವರ್ಷವೇ ಕಾನೂನು ತಿದ್ದಿದರು, ಆದರೆ ಮೋಸ ಮಾಡುವ ಉದ್ದೇಶ ಇತ್ತು ಅಂತ ಸರ್ಕಾರವೇ ಸಾಬೀತು ಮಾಡಬೇಕಿತ್ತು. ನಾನು ನಿಜವಾಗಿ ನಂಬಿದ್ದೆ ಸ್ವಾಮೀ ಅಂದರೆ ಮುಗಿಯಿತು. ಔಷಧಿಯ ಸುಳ್ಳು ಜಾಹೀರಾತಿನ ಮೇಲೆ ಗಟ್ಟಿಯಾದ ಹಿಡಿತ ಸಿಕ್ಕಿದ್ದು 1938ರಲ್ಲಿ.

ನಮ್ಮ ಕಡೆ ಇದಕ್ಕೆ ಕಾನೂನು ಬಂದದ್ದು 1954ರಲ್ಲಿ, ಡ್ರಗ್ಸ್ ಆ್ಯಂಡ್ ಮ್ಯಾಜಿಕ್ ರೆಮಿಡೀಸ್ ಕಾಯಿದೆ. ಅದು ನೇರವಾಗಿ ಜಾಹೀರಾತಿಗೇ ಕೈ ಹಾಕುತ್ತದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ ಸೇರಿ ಐವತ್ತಕ್ಕೂ ಹೆಚ್ಚು ರೋಗಗಳ ಪಟ್ಟಿ ಕೊಟ್ಟು, ಇವನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಹಾಕಲೇಬೇಡಿ ಅನ್ನುತ್ತದೆ. ಬಸ್‌ಸ್ಟ್ಯಾಂಡಿನ ಗೋಡೆಗಳು ಇನ್ನೂ ಆ ಕಾಯಿದೆಯನ್ನು ಓದಿದ ಹಾಗಿಲ್ಲ. ಪತ್ರಿಕೆಗೂ ಔಷಧಿಗೂ ಇರುವ ನಂಟು ಯಾವಾಗಲೂ ಕೆಟ್ಟದ್ದೇ ಅಂತಲೂ ಅಲ್ಲ. 1893ರಲ್ಲಿ ಬೊಂಬಾಯಿಯಲ್ಲಿ ಅಮೃತಾಂಜನ ಶುರು ಮಾಡಿದ ಕಾಶೀನಾಥುನಿ ನಾಗೇಶ್ವರ ರಾವ್ ಆ ದುಡ್ಡಿನ ಬಲದಲ್ಲೇ 1908ರಲ್ಲಿ ಆಂಧ್ರಪತ್ರಿಕೆ ಶುರು ಮಾಡಿ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. ನೆಗಡಿ ಬಂದರೆ ನಾವೆಲ್ಲ ಎದೆಗೆ ತಿಕ್ಕಿಕೊಳ್ಳುವ ವಿಕ್ಸ್ ಕೂಡ ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೋ ಅನ್ನುವ ಊರಿನ ಒಬ್ಬ ಔಷಧಿ ಅಂಗಡಿಯವನದೇ, ಇದೇ ಕಾಲದ್ದು.

ಈ ಪುಟಗಳನ್ನು ನೀವೂ ನೋಡಬೇಕು ಅನ್ನಿಸಿದರೆ ಹೀಗೆ ಮಾಡಿ. ಕ್ರಾನಿಕ್ಲಿಂಗ್ ಅಮೆರಿಕದಲ್ಲಿ 1900ರಿಂದ 1910ರ ನಡುವಿನ ವರ್ಷ ಕೊಟ್ಟು ಪೆರೂನಾ ಅಂತಲೋ ಡೋನ್ಸ್ ಅಂತಲೋ ಹುಡುಕಿ. ದೊಡ್ಡ ನಗರದ್ದು ಬಿಟ್ಟು, ಹೆಸರೇ ಕೇಳಿರದ ಊರಿನ ವಾರಪತ್ರಿಕೆ ತೆರೆಯಿರಿ. ಹುಡುಕಿದ ಪದ ಒಳಪುಟದಲ್ಲಿ ಸಿಕ್ಕರೆ, ಅದನ್ನು ಓದಿ ಮುಗಿಸಿ ಹೊರಪುಟಕ್ಕೆ ಹೋಗಿ, ಆ ಬಾಟಲಿ ಮಾರುತ್ತಿದ್ದ ಅಂಗಡಿಯವನ ಹೆಸರು ಸಿಗುತ್ತದಾ ನೋಡಿ. ಅದೇ ಕಾಲಮ್ಮಿನಲ್ಲಿ ಸ್ವಲ್ಪ ಕೆಳಗೆ ಮೇಜು, ಕುರ್ಚಿ, ಶವಪೆಟ್ಟಿಗೆಯವನೂ ಇರಬಹುದು.